ಕೂದಲೆಳೆ ಎಂಡೋಸ್ಕೋಪ್: ಎಳೆ ಬಾಗಿದಾಗ ಚಿತ್ರ ಉಳಿಯಿತೇ ಎಂದು ಕೇಳಿ

ಮಾನ್ಯ ಸಂಪಾದಕರೇ,

‘ಕೂದಲಿನಷ್ಟು ತೆಳುವಾದ ಎಂಡೋಸ್ಕೋಪ್ ಬಂದಿದೆ, ದೇಹದೊಳಗಿನ ಜೀವಕೋಶವನ್ನೇ ನೋಡಬಹುದು’ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಸುದ್ದಿ ಸುಳ್ಳಲ್ಲ. ಪ್ರಯೋಗಾಲಯಗಳಲ್ಲಿ ಅಂಥ ಚಿತ್ರಗಳು ನಿಜವಾಗಿಯೂ ಬಂದಿವೆ. ಆದರೆ ಅದನ್ನು ಓದಿದವರು ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ‘ಆ ತೆಳು ಎಳೆಯಲ್ಲೇ ನೋಡಿ ಡಾಕ್ಟ್ರೇ, ಈ ದಪ್ಪ ಪೈಪ್ ಬೇಡ’ ಎನ್ನುತ್ತಾರೆ. ಹಾಗೆ ಕೇಳುವುದರಲ್ಲಿ ಅವರ ತಪ್ಪಿಲ್ಲ. ಸುದ್ದಿಯಲ್ಲಿ ಒಂದು ಮಾತು ಬಿಟ್ಟುಹೋಗಿರುತ್ತದೆ: ಆ ಚಿತ್ರ ತೆಗೆಯುವಾಗ ಎಳೆಯನ್ನು ಅಲುಗದಂತೆ ಬಿಗಿದಿಟ್ಟಿದ್ದರೇ, ಬಾಗಲು ಬಿಟ್ಟಿದ್ದರೇ? ಈ ತಂತ್ರದ ಮುಂದಿನ ದಾರಿಯೆಲ್ಲ ಆ ಪ್ರಶ್ನೆಯ ಮೇಲೆ ನಿಂತಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಲು ಈ ಪತ್ರ.

ಫೈಬರ್, ಅಂದರೆ ಗಾಜಿನ ಎಳೆಯ ಮೂಲಕ ಒಳಗೆ ಇಣುಕುವುದು ಹಳೆಯ ವಿದ್ಯೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿದ್ದನ್ನು 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರಿಗಾಜಿನ ಎಳೆಗಳು ಒಂದಕ್ಕೊಂದು ತಾಗಿದಲ್ಲೆಲ್ಲ ಬೆಳಕು ಪಕ್ಕದ ಎಳೆಗೆ ಸೋರಿಹೋಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಾರೆನ್ಸ್ ಕರ್ಟಿಸ್ 1956ರ ಕೊನೆಯಲ್ಲಿ, ಗಾಜಿನ ಕಡ್ಡಿಯೊಂದನ್ನು ಕಡಿಮೆ ವಕ್ರೀಭವನಾಂಕದ ಗಾಜಿನ ಕೊಳವೆಯೊಳಗೆ ಇಟ್ಟು, ಎರಡನ್ನೂ ಒಟ್ಟಿಗೆ ಕಾಯಿಸಿ ಎಳೆದು ಆ ಸೋರಿಕೆಯನ್ನು ನಿಲ್ಲಿಸಿದರು. 1957ರಲ್ಲಿ ಅದೇ ತಂಡದ ಬೇಸಿಲ್ ಹಿರ್ಶೋವಿಟ್ಸ್ ಅಂಥ ಎಳೆಗಳಿಂದ ಮಾಡಿದ, ಹೊಟ್ಟೆಯೊಳಗೆ ನೋಡುವ ಗ್ಯಾಸ್ಟ್ರೋಸ್ಕೋಪನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು.

ಎಳೆಕಟ್ಟಿನ ಲೆಕ್ಕ ಸರಳ: ಒಂದು ಎಳೆಗೆ ಒಂದು ಚುಕ್ಕಿ. ಎಳೆಯಲ್ಲಿ ಬೆಳಕು ಸಾಗುವ ಒಳಗಾಜಿಗೆ ಕೋರ್ ಎನ್ನುತ್ತಾರೆ. 30,000 ಕೋರ್‌ಗಳಿರುವ, ಚಿತ್ರ ಸಾಗಿಸುವ ಭಾಗ 0.6 ಮಿ.ಮೀ. ವ್ಯಾಸವಿರುವ ಕಟ್ಟನ್ನು ತೆಗೆದುಕೊಳ್ಳಿ. ಒಂದು ಕೋರ್‌ನ ನಡುವಿನಿಂದ ಪಕ್ಕದ ಕೋರ್‌ನ ನಡುವಿಗೆ ಸುಮಾರು 3.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಅಂತರ ಬರುತ್ತದೆ. ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅದರ ಎರಡರಷ್ಟು ಜಾಗ ಬೇಕು. ಹಾಗಾಗಿ ಲೆನ್ಸ್ ಇಲ್ಲದೆ ಕಾಣುವ ಅತಿ ಸಣ್ಣ ವಿವರ 6.6 ಮೈಕ್ರಾನ್. ತುದಿಗೆ 2.5 ಪಟ್ಟು ಹಿಗ್ಗಿಸುವ ಪುಟ್ಟ ಲೆನ್ಸ್ ಕೂರಿಸಿದರೆ ಅದು 2.6 ಮೈಕ್ರಾನಿಗೆ ಇಳಿಯುತ್ತದೆ, ಜೊತೆಗೆ ನೋಡುವ ಜಾಗವೂ 0.6 ಮಿ.ಮೀ.ನಿಂದ 0.24 ಮಿ.ಮೀ.ಗೆ ಇಳಿಯುತ್ತದೆ. ವಿವರ ಬೇಕೆಂದರೆ ಜಾಗ ಬಿಡಬೇಕು. ಕೋರ್ ಅಂಚುಗಳು ಚಿತ್ರದಲ್ಲಿ ಮೂಡಿಸುವ ಜೇನುಗೂಡಿನಂಥ ಗೆರೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಚಿತ್ರ ನುಣುಪು ಮಾಡಿದರೆ ಕಣ್ಣಿಗೆ ಹಿತ, ಅಷ್ಟೇ. ಕೋರ್‌ಗಳ ನಡುವೆ ಬಿದ್ದ ವಿವರ ಅದರಿಂದ ಮರಳಿ ಬರುವುದಿಲ್ಲ. ಅದು ಬೇಕಿದ್ದರೆ ಕಟ್ಟಿನ ತುದಿಯನ್ನು ಅರ್ಧ ಕೋರ್ ಅಂತರದಷ್ಟು ಸರಿಸಿ ಸರಿಸಿ ಹಲವು ಚಿತ್ರ ತೆಗೆದು ಜೋಡಿಸಬೇಕು. ಕೋರ್‌ಗಳನ್ನು ಇನ್ನೂ ಹತ್ತಿರ ತಂದರಾಯಿತಲ್ಲ ಎಂದರೆ ಹಳೆಯ ಸೋರಿಕೆ ಮತ್ತೆ ಶುರುವಾಗುತ್ತದೆ. ಅದಕ್ಕೇ ತಯಾರಕರು ಪಕ್ಕಪಕ್ಕದ ಕೋರ್‌ಗಳ ಗಾತ್ರದಲ್ಲಿ ಸಣ್ಣ ವ್ಯತ್ಯಾಸ ಇಡುತ್ತಾರೆ. ಗಾತ್ರ ಹೊಂದದಿದ್ದರೆ ಬೆಳಕು ಸುಲಭವಾಗಿ ದಾಟುವುದಿಲ್ಲ.

ಹೊಟ್ಟೆ, ಕರುಳಿನ ಸ್ಕೋಪ್‌ಗಳಲ್ಲಿ ಎಳೆಕಟ್ಟಿನ ಜಾಗವನ್ನು ಕ್ಯಾಮೆರಾ ಚಿಪ್ ಹಿಡಿದು ಬಹಳ ಕಾಲವಾಯಿತು. ಚಿಪ್ ತುದಿಯಲ್ಲೇ ಕೂರುತ್ತದೆ, ಚಿತ್ರ ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಬರುತ್ತದೆ, ಕೊಳವೆ ಎಷ್ಟು ಬಾಗಿದರೂ ಚಿತ್ರ ಕೆಡುವುದಿಲ್ಲ. ಆದರೆ ಚಿಪ್ಪಿಗೂ ಗಾತ್ರದ ಮಿತಿ ಇದೆ. ವ್ಯಾಪಾರಕ್ಕೆ ಸಿಗುವ ಅತಿ ಚಿಕ್ಕ ಇಮೇಜ್ ಸೆನ್ಸರ್ ಎಂದು 2019ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಓಮ್ನಿವಿಷನ್ ಕಂಪನಿಯ ಚಿಪ್‌ನ ಮೇಲ್ಮೈ 0.575 ಮಿ.ಮೀ. ಚೌಕ, ಅದರಲ್ಲಿರುವುದು 200 ಅಡ್ಡ, 200 ಉದ್ದ ಪಿಕ್ಸೆಲ್. ಅದಕ್ಕಿಂತ ತೆಳುವಾದ ದಾರಿಯಲ್ಲಿ, ಉದಾಹರಣೆಗೆ ಮಿದುಳಿನ ಆಳಕ್ಕೆ ಇಳಿಯುವ ಸೂಜಿಯೊಳಗೆ, ಜೀವಕೋಶ ಕಾಣುವಷ್ಟು ವಿವರ ಬೇಕೆಂದಾಗ ಉಳಿಯುವುದು ಒಂಟಿ ಎಳೆ. ಸುದ್ದಿಯಾಗುತ್ತಿರುವುದು ಅದೇ.

ಆ ಒಂಟಿ ಎಳೆಯ ಹೆಸರು ಮಲ್ಟಿಮೋಡ್ ಫೈಬರ್. ಕೋರ್ 50 ಮೈಕ್ರಾನ್, ಅದರ ಸುತ್ತಲಿನ ಗಾಜಿನ ಹೊದಿಕೆ, ಅಂದರೆ ಕ್ಲಾಡಿಂಗ್ ಸೇರಿ 125 ಮೈಕ್ರಾನ್. ಕೂದಲಿಗಿಂತ ತುಸು ದಪ್ಪ. ಬೆಳಕು ಇದರಲ್ಲಿ ಹಲವು ದಾರಿಗಳಲ್ಲಿ ಸಾಗುತ್ತದೆ. ಒಂದೊಂದು ದಾರಿಯೂ ಒಂದು ಮೋಡ್. ಬೆಳಕು ಹಿಡಿಯುವ ಕೋನದ ಅಳತೆ, ಅಂದರೆ ನ್ಯೂಮೆರಿಕಲ್ ಅಪರ್ಚರ್, 0.22 ಇದ್ದು, 633 ನ್ಯಾನೋಮೀಟರಿನ ಕೆಂಪು ಲೇಸರ್ ಬಿಟ್ಟರೆ ಎರಡೂ ಧ್ರುವೀಕರಣ (ಬೆಳಕಿನ ಅಲೆ ಅದುರುವ ದಿಕ್ಕು) ಸೇರಿ ಸುಮಾರು 1,500 ಮೋಡ್‌ಗಳಾಗುತ್ತವೆ. ಒಂದು ಮೋಡ್ ಎಂದರೆ ಚಿತ್ರದ ಮಾಹಿತಿ ಸಾಗಿಸಬಲ್ಲ ಒಂದು ಕಾಲುವೆ. ಎಳೆಕಟ್ಟಿನಲ್ಲಿ ಇಷ್ಟೇ ಜಾಗದೊಳಗೆ ಕೂರುವುದು ಸುಮಾರು ಇನ್ನೂರು ಕೋರ್ ಮಾತ್ರ. ಈ ವಿದ್ಯೆಯ ಆಸೆಯೆಲ್ಲ ಹುಟ್ಟಿದ್ದು ಆ ವ್ಯತ್ಯಾಸದಿಂದ.

ತೊಡಕೂ ಅಲ್ಲೇ ಇದೆ. ಒಂದೊಂದು ಮೋಡ್ ಒಂದೊಂದು ವೇಗದಲ್ಲಿ ಸಾಗುವುದರಿಂದ ಆಚೆ ತುದಿಗೆ ಎಲ್ಲವೂ ಏರುಪೇರಾಗಿ ಬಂದು ಬೆರೆಯುತ್ತವೆ. ಇದನ್ನು ಯಾವ ಕಾಲೇಜಿನಲ್ಲೂ ನೋಡಬಹುದು. ನೆಟ್‌ವರ್ಕ್ ಅಂಗಡಿಯಲ್ಲಿ ಓಎಂ2 ಎಂಬ ಕಿತ್ತಳೆ ಬಣ್ಣದ ಪ್ಯಾಚ್ ಕಾರ್ಡ್ ಸಿಗುತ್ತದೆ, ಒಂದು ಮೀಟರ್ ಸಾಕು. ಒಂದು ತುದಿಯ ಕನೆಕ್ಟರಿಗೆ ಕೆಂಪು ಲೇಸರ್ ಪಾಯಿಂಟರನ್ನು ಸ್ಟ್ಯಾಂಡಿನಲ್ಲಿ ಬಿಗಿದು ನೇರಕ್ಕೆ ಹಿಡಿಯಿರಿ. ಇನ್ನೊಂದು ತುದಿಯನ್ನು ಬಿಳಿ ಕಾಗದದಿಂದ ಹತ್ತು ಸೆಂ.ಮೀ. ದೂರದಲ್ಲಿಡಿ. ಕೋಣೆ ಕತ್ತಲಿರಲಿ. ಎಳೆಯ ತುದಿಗೆ ಕಣ್ಣಿಡುವುದು ಖಂಡಿತ ಬೇಡ, ನೋಡಬೇಕಾದದ್ದು ಕಾಗದವನ್ನು. ಕಾಗದದ ಮೇಲೆ ಒಂದೇ ಸಮನಾದ ಕೆಂಪು ವೃತ್ತ ಬೀಳುವುದಿಲ್ಲ. ರಾಗಿ ಚೆಲ್ಲಿದ ಹಾಗೆ ನೂರಾರು ಹೊಳೆಯುವ ಚುಕ್ಕೆಗಳೂ ನಡುವೆ ಕಪ್ಪು ತೇಪೆಗಳೂ ಬೀಳುತ್ತವೆ. ಸ್ಪೆಕಲ್ ಎನ್ನುವುದು ಇದನ್ನೇ. ಈಗ ಎಳೆಯ ನಡುಭಾಗವನ್ನು ಬೆರಳಿಂದ ಮೆಲ್ಲಗೆ ಎತ್ತಿ. ಚುಕ್ಕೆಗಳೆಲ್ಲ ಕದಡಿ ಬೇರೆಯದೇ ವಿನ್ಯಾಸ ಮೂಡುತ್ತದೆ. ಬೆರಳು ತೆಗೆದಾಗ ಎಳೆ ಮೊದಲಿನ ಜಾಗಕ್ಕೇ ಬಂದು ಕೂತರೆ ಹಳೆಯ ವಿನ್ಯಾಸವೂ ಬಹುಮಟ್ಟಿಗೆ ಮರಳುತ್ತದೆ. ಚಿತ್ರ ಕಳೆದುಹೋಗಿಲ್ಲ, ಕಲಸಿಹೋಗಿದೆ, ಕಲಸಿದ ಬಗೆಗೆ ಒಂದು ನಿಯಮವಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. (ಇಂಥ ಚುಕ್ಕೆಗಳ ಏರಿಳಿತದ ಗಣಿತಕ್ಕೆ ನಮ್ಮ ನೆಲದ ನಂಟೂ ಇದೆ: ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ ಬೆಂಗಳೂರಿನಲ್ಲಿ 1943ರಲ್ಲಿ ಆ ಬಗ್ಗೆ ಲೇಖನ ಪ್ರಕಟಿಸಿದ್ದರು.)

ಕಲಸಿದ್ದನ್ನು ಬಿಡಿಸಬಹುದು ಎಂಬ ವಿಚಾರ 1967ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ಪ್ರಕಟವಾಗಿತ್ತು. ಆದರೆ ಬೆಳಕಿನ ಅಲೆಯನ್ನು ಸಾವಿರಾರು ಬಿಂದುಗಳಲ್ಲಿ ಬೇಕೆಂದಂತೆ ತಿದ್ದುವ ಸಾಧನ ಆಗ ಇರಲಿಲ್ಲ. 2012ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ತೊಮಾಶ್ ಚಿಜ್ಮಾರ್ ಮತ್ತು ಕಿಶನ್ ಧೋಲಾಕಿಯಾ, ಅದೇ ವರ್ಷ ಕೊರಿಯಾ ವಿಶ್ವವಿದ್ಯಾಲಯದ ತಂಡ, ಒಂಟಿ ಎಳೆಯಿಂದ ಚಿತ್ರ ತೆಗೆದು ತೋರಿಸಿದರು. ಇಂದು ಹೆಚ್ಚಿನವರು ಬಳಸುವ ಕ್ರಮ ಸ್ಥೂಲವಾಗಿ ಹೀಗಿದೆ.

ಲೇಸರ್ ಬೆಳಕನ್ನು ಹಿಗ್ಗಿಸಿ ಡಿಎಂಡಿ ಎಂಬ ಚಿಪ್ ಮೇಲೆ ಬೀಳಿಸುತ್ತಾರೆ. ಸಿನಿಮಾ ಪ್ರೊಜೆಕ್ಟರುಗಳಲ್ಲಿರುವುದೂ ಇದೇ ಜಾತಿಯ ಚಿಪ್: 1024 ಅಡ್ಡ, 768 ಉದ್ದ, ಒಟ್ಟು ಏಳು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಪುಟಾಣಿ ಕನ್ನಡಿಗಳು, ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಭಂಗಿ ಬದಲಿಸಬಲ್ಲವು. ಅದರ ಮೇಲೆ ಗೆರೆಗಳ ವಿನ್ಯಾಸ ಮೂಡಿಸಿ, ಚದುರಿದ ಬೆಳಕಿನಲ್ಲಿ ಮೊದಲ ಕವಲನ್ನು ಮಾತ್ರ ಕಿಂಡಿಯೊಂದರಿಂದ ಆರಿಸಿಕೊಂಡು ಎಳೆಯೊಳಗೆ ಬಿಡುತ್ತಾರೆ. ಆಚೆ ತುದಿಯಲ್ಲಿ ಮೈಕ್ರೋಸ್ಕೋಪ್ ಲೆನ್ಸ್ ಮತ್ತು ಕ್ಯಾಮೆರಾ ಇಡುತ್ತಾರೆ. ಎಳೆಯಿಂದ ಬಂದ ಬೆಳಕನ್ನು ಬದಲಾಗದ ಇನ್ನೊಂದು ಕಿರಣದ (ಹೋಲಿಕೆಯ ಕಿರಣದ) ಜೊತೆ ಬೆರೆಸಿ, ಒಂದೊಂದು ವಿನ್ಯಾಸಕ್ಕೂ ಅಲೆಯ ಫೇಸನ್ನು (ಏರಿಳಿತದಲ್ಲಿ ಅಲೆ ಯಾವ ಹಂತದಲ್ಲಿದೆ ಎಂಬುದನ್ನು) ಕಾಲು ಕಾಲು ಸುತ್ತು ಬದಲಿಸುತ್ತ ನಾಲ್ಕು ಚಿತ್ರ ತೆಗೆದರೆ, ಆಚೆ ತುದಿಯ ಒಂದೊಂದು ಬಿಂದುವಿಗೂ ಬೆಳಕು ಎಷ್ಟು ಬಂತು, ಯಾವ ಫೇಸಿನಲ್ಲಿ ಬಂತು ಎಂಬುದು ಗೊತ್ತಾಗುತ್ತದೆ. 1,500 ವಿನ್ಯಾಸಕ್ಕೆ 6,000 ಚಿತ್ರ. ಸೆಕೆಂಡಿಗೆ 1,000 ಚಿತ್ರದ ಕ್ಯಾಮೆರಾ ಇದ್ದರೆ ಆರು ಸೆಕೆಂಡಿನ ಕೆಲಸ, ನೂರರದ್ದಾದರೆ ಒಂದು ನಿಮಿಷ. ಹೀಗೆ ಸಿಗುವ ದೊಡ್ಡ ಕೋಷ್ಟಕಕ್ಕೆ ಟ್ರಾನ್ಸ್‌ಮಿಷನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅದನ್ನು ತಿರುಗುಮುರುಗಾಗಿ ಓದಿದರೆ, ಆಚೆ ತುದಿಯ ಇಂಥ ಬಿಂದುವಿನಲ್ಲೇ ಬೆಳಕು ಕೂಡಬೇಕಾದರೆ ಈಚೆ ಯಾವ ವಿನ್ಯಾಸ ಹಾಕಬೇಕು ಎಂಬುದು ತಿಳಿಯುತ್ತದೆ.

ಆಮೇಲೆ ಆಚೆ ತುದಿಯ ಕ್ಯಾಮೆರಾ ತೆಗೆದು, ಎಳೆಯನ್ನು ಅಂಗಾಂಶದೊಳಗೆ ಇಳಿಸಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ ಬೆಳಕಿನ ಬಿಂದುವನ್ನು ಒಂದೊಂದೇ ಜಾಗದಲ್ಲಿ ಮೂಡಿಸುತ್ತ ಹೋಗುತ್ತಾರೆ. ಬಣ್ಣ ಹಾಕಿದ ಕೋಶ ಹೊಮ್ಮಿಸುವ ಬೆಳಕು ಅದೇ ಎಳೆಯಲ್ಲಿ ಹಿಂದಿರುಗುತ್ತದೆ. ಎಷ್ಟು ಬಂತು ಎಂದು ಅಳೆದರೆ ಸಾಕು, ಬರುವಾಗ ಕಲಸಿದರೂ ಚಿಂತೆಯಿಲ್ಲ. ಬಿಂದುವಿನ ಅಗಲ ಸುಮಾರು 1.4 ಮೈಕ್ರಾನ್. 0.7 ಮೈಕ್ರಾನಿಗೊಂದರಂತೆ ಚುಕ್ಕಿ ಇಟ್ಟರೆ 50 ಮೈಕ್ರಾನಿನ ವೃತ್ತಕ್ಕೆ 4,000 ಚುಕ್ಕಿ, ಅಂದರೆ ಸೆಕೆಂಡಿಗೆ ಐದು ಚಿತ್ರ. 2018ರಲ್ಲಿ ಜರ್ಮನಿಯ ಯೇನಾ ಮತ್ತು ಬ್ರಿಟನ್ನಿನ ಎಡಿನ್‌ಬರೋ ಸಂಶೋಧಕರು ಬದುಕಿರುವ ಇಲಿಯ ಮಿದುಳಿನ ಆಳದ ನರಕೋಶಗಳನ್ನು ಈ ಬಗೆಯಲ್ಲಿ ಕಂಡರು.

ಕೆಡುವುದು ಎಲ್ಲಿ? ಲೇಸರಿನಿಂದಲೇ ಶುರು ಮಾಡೋಣ. ಮೇಲೆ ಹೇಳಿದ ಎಳೆ ಒಂದು ಮೀಟರ್ ಇದ್ದರೆ, ಅತಿ ನೇರ ದಾರಿಗೂ ಅತಿ ಓರೆ ದಾರಿಗೂ ಸುಮಾರು 1.6 ಸೆಂ.ಮೀ. ವ್ಯತ್ಯಾಸ ಬೀಳುತ್ತದೆ. ಲೇಸರಿನ ಕೊಹೆರೆನ್ಸ್ ಉದ್ದ (ಅಲೆಗಳು ತಾಳ ತಪ್ಪದೆ ಸಾಗುವ ದೂರ) ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಕೆಲವೇ ಮಿಲಿಮೀಟರಿನದ್ದಾದರೆ ತಡವಾಗಿ ಬರುವ ಮೋಡ್‌ಗಳು ಮುಂಚೆ ಬಂದವುಗಳ ಜೊತೆ ಕೂಡುವುದೇ ಇಲ್ಲ. ಬಿಂದು ಮೂಡಿದರೂ ಸುತ್ತ ಮಂಜು ಉಳಿಯುತ್ತದೆ. ಎರಡನೆಯದು ಹೋಲಿಕೆಯ ಕಿರಣ. ಅದನ್ನು ಅದೇ ಎಳೆಯೊಳಗಿಂದ ತಂದರೆ ಜೋಡಣೆ ಸುಲಭ, ಆದರೆ ಆ ಕಿರಣವೂ ಚುಕ್ಕೆಚುಕ್ಕೆಯೇ. ಅದು ಕಪ್ಪಾಗಿರುವ ಜಾಗದಲ್ಲಿ ಅಳತೆ ಸಿಗದೆ ಚಿತ್ರದಲ್ಲಿ ಶಾಶ್ವತ ಕುರುಡು ಚುಕ್ಕೆಗಳು ಉಳಿಯುತ್ತವೆ. ಹೊರಗಿನ ದಾರಿಯಲ್ಲಿ ತಂದರೆ ಕುರುಡು ಚುಕ್ಕೆ ಇರದು, ಬದಲಿಗೆ ಫ್ಯಾನಿನ ಗಾಳಿ, ಮೇಜಿನ ಅದುರು ಎರಡೂ ಫೇಸನ್ನು ಜಾರಿಸುತ್ತವೆ. ನೂರಿನ್ನೂರು ವಿನ್ಯಾಸಕ್ಕೊಮ್ಮೆ ಮೊದಲಿನದನ್ನೇ ಮತ್ತೆ ಹಾಕಿ, ಎಷ್ಟು ಜಾರಿದೆ ನೋಡಿ ಕಳೆಯಬೇಕು.

ಡಿಎಂಡಿ ವೇಗವಾದದ್ದು, ಆದರೆ ಬೆಳಕು ತಿನ್ನುತ್ತದೆ: ಮೊದಲ ಕವಲಿಗೆ ಬರುವುದು ನೂರರಲ್ಲಿ ಹತ್ತು ಪಾಲಿಗಿಂತ ಹೆಚ್ಚಲ್ಲ. ಫೇಸ್ ಮಾತ್ರ ತಿದ್ದುವ ಕ್ರಮದಲ್ಲಿ, ಎಲ್ಲ ಸರಿಯಿದ್ದರೂ, ಆಚೆ ತುದಿ ತಲುಪಿದ ಬೆಳಕಿನಲ್ಲಿ ಬಿಂದುವಿನೊಳಗೆ ಕೂಡುವುದು ಸುಮಾರು 78 ಪಾಲು. ಉಳಿದದ್ದು ಸುತ್ತ ಹರಡಿ ಕೋಶಗಳನ್ನೆಲ್ಲ ಸ್ವಲ್ಪ ಸ್ವಲ್ಪ ಬೆಳಗಿ ಚಿತ್ರವನ್ನು ಮಸುಕು ಮಾಡುತ್ತದೆ. ಕತ್ತರಿಸಿದ ತುದಿ ಓರೆಯಾಗಿದ್ದರೆ, ಅಂಟು ಒಣಗುವಾಗ ಎಳೆಯನ್ನು ಹಿಂಡಿದರೆ, ಹಿಡಿಕೆಯ ಸ್ಕ್ರೂ ಬಿಗಿಯಾದರೆ ಮೋಡ್‌ಗಳು ಒಂದರೊಳಗೊಂದು ಬೆರೆತು ಈ ಪಾಲು ಇನ್ನೂ ಇಳಿಯುತ್ತದೆ. ಹಿಂದಿರುಗುವ ಬೆಳಕಂತೂ ತೀರಾ ಕಡಿಮೆ: 0.22ರ ಎಳೆ ನೀರಿನಂಥ ಅಂಗಾಂಶದಲ್ಲಿ ಹಿಡಿಯುವುದು ಕೋಶ ಹೊಮ್ಮಿಸಿದ ಬೆಳಕಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ.

ಸುದ್ದಿಗಳು ಹೇಳದೆ ಬಿಡುವ ಇನ್ನೊಂದು ಅಂಕಿ ಆಳದ್ದು. ಅಡ್ಡಕ್ಕೆ 1.4 ಮೈಕ್ರಾನ್ ಇರುವ ಅದೇ ಬಿಂದು ಆಳದ ದಿಕ್ಕಿಗೆ 35 ಮೈಕ್ರಾನಿನಷ್ಟು ಉದ್ದ. ಒಂದರ ಹಿಂದೆ ಒಂದು ಇರುವ ಎರಡು ಮೂರು ಕೋಶಗಳು ಒಂದೇ ಚಿತ್ರದಲ್ಲಿ ಬಿದ್ದಿರಬಹುದು. ಎಳೆಯ ತುದಿಯಿಂದ 150 ಮೈಕ್ರಾನ್ ದಾಟಿದರೆ ಅಡ್ಡಳತೆಯ ಸೂಕ್ಷ್ಮತೆಯೂ ಕುಗ್ಗುತ್ತ ಹೋಗುತ್ತದೆ. ಇದಕ್ಕೆ ಮದ್ದು ಹೆಚ್ಚು ಕೋನದ ಎಳೆ. ಕೋನ ಹೆಚ್ಚಿದಷ್ಟೂ ಮೋಡ್ ಹೆಚ್ಚು, ಕ್ಯಾಲಿಬ್ರೇಷನ್, ಅಂದರೆ ಮ್ಯಾಟ್ರಿಕ್ಸ್ ಅಳೆಯುವ ಕೆಲಸ, ಹೆಚ್ಚು ಹೊತ್ತು.

ಇವೆಲ್ಲ ಜಾಗರೂಕತೆಯಿಂದ ಸರಿಮಾಡಬಹುದಾದ ಕುಂದುಗಳು. ಬಾಗುವಿಕೆ ಹಾಗಲ್ಲ. ಒಂದು ಮೀಟರಿನಲ್ಲಿ 1.6 ಸೆಂ.ಮೀ. ದಾರಿ ವ್ಯತ್ಯಾಸವೆಂದರೆ 25,000ಕ್ಕೂ ಹೆಚ್ಚು ಅಲೆಗಳಷ್ಟು. ಬಿಂದು ಚೆದುರಲು ಅದರಲ್ಲಿ ಅರ್ಧ ಅಲೆ ಆಚೀಚೆಯಾದರೂ ಸಾಕು. ಎಳೆ ಬಾಗಿದಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗಿ ಅಷ್ಟು ವ್ಯತ್ಯಾಸ ಸುಲಭವಾಗಿ ಆಗಿಬಿಡುತ್ತದೆ. ಉದ್ದದ ಎಳೆಯಾದರೆ ಕೋಣೆಯ ಬಿಸಿ ಏರಿದರೂ ಆಗುತ್ತದೆ. ಮತ್ತೆ ಕ್ಯಾಲಿಬ್ರೇಷನ್ ಮಾಡೋಣವೆಂದರೆ ಆಚೆ ತುದಿ ದೇಹದೊಳಗಿದೆ, ಅಲ್ಲಿಗೆ ಕ್ಯಾಮೆರಾ ಒಯ್ಯುವಂತಿಲ್ಲ. ಕ್ಯಾಮೆರಾ ಒಯ್ಯಬಹುದಾಗಿದ್ದರೆ ಈ ಎಳೆಯೇ ಬೇಕಿರಲಿಲ್ಲ.

ದಾರಿಗಳು ಇಲ್ಲದಿಲ್ಲ. ಎಳೆಯ ಆಕಾರ ನಿಖರವಾಗಿ ತಿಳಿದಿದ್ದರೆ, ಬಾಗಿದಾಗ ಮ್ಯಾಟ್ರಿಕ್ಸ್ ಹೇಗೆ ಬದಲಾಗುತ್ತದೆ ಎಂದು ಲೆಕ್ಕದಿಂದಲೇ ಹೇಳಬಹುದೆಂದು ಚಿಜ್ಮಾರ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ವಕ್ರೀಭವನಾಂಕ ನಡುವಿನಿಂದ ಅಂಚಿಗೆ ಮೆಲ್ಲಗೆ ಇಳಿಯುವ ಗ್ರೇಡೆಡ್ ಇಂಡೆಕ್ಸ್ ಎಳೆ ಬಾಗುವಿಕೆಯನ್ನು ಹೆಚ್ಚು ತಾಳುತ್ತದೆ ಎಂಬುದು 2018ರಲ್ಲಿ ಪ್ರಕಟವಾಯಿತು. ಆದರೆ ಆ ಇಳಿತ ಆದರ್ಶ ಆಕಾರಕ್ಕೆ ತೀರಾ ಹತ್ತಿರವಿರಬೇಕು, ಮಾರುಕಟ್ಟೆಯ ಎಳೆಗಳೆಲ್ಲ ಹಾಗಿರುವುದಿಲ್ಲ. ಆಚೆ ತುದಿಗೆ ತೆಳುವಾದ ಪ್ರತಿಫಲಕ ಲೇಪಿಸಿ, ಈಚೆಯಿಂದಲೇ ಮ್ಯಾಟ್ರಿಕ್ಸ್ ಅಳೆಯುವ ಪ್ರಯತ್ನಗಳೂ ನಡೆದಿವೆ. ಇವು ಮೂರರ ಮೇಲೂ ನಮಗೆ ಭರವಸೆ ಇದೆ.

ಕೃತಕ ಬುದ್ಧಿಮತ್ತೆಯ ದಾರಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಸ್ಪೆಕಲ್ ತೋರಿಸಿದರೆ ಮೂಲಚಿತ್ರ ಹೇಳುವಂತೆ ಕಂಪ್ಯೂಟರಿಗೆ ಕಲಿಸುವ ಪ್ರಯೋಗಗಳಲ್ಲಿ ಕೈಬರಹದ ಅಂಕಿಗಳ ಚಿತ್ರಸಂಗ್ರಹವನ್ನೇ ಹೆಚ್ಚಾಗಿ ಬಳಸುತ್ತಾರೆ. ಅಂಕಿಗಳನ್ನೇ ಕಂಡು ಕಲಿತ ಕಂಪ್ಯೂಟರಿನ ಮುಂದೆ ಬೇರೆ ವಸ್ತು ಇಟ್ಟರೆ ಅದು ಅಂಕಿಯ ಹಾಗೆ ಕಾಣುವ ಏನನ್ನೋ ಬಿಡಿಸಿಬಿಡಬಹುದು. ಅಂಕಿಯಲ್ಲಿ ತಪ್ಪಿದರೆ ತೊಂದರೆಯಿಲ್ಲ. ಗೆಡ್ಡೆಯ ಅಂಚು ಇಲ್ಲದ ಕಡೆ ಕಂಡರೆ, ಇರುವ ಕಡೆ ಕಾಣದಿದ್ದರೆ ಕತ್ತಿ ತಪ್ಪು ಜಾಗಕ್ಕೆ ಹೋಗುತ್ತದೆ. ಕಲಿಕೆಯಲ್ಲಿ ಇಲ್ಲದ ಬಗೆಯ ವಸ್ತುವಿನ ಮೇಲೆ ಪರೀಕ್ಷಿಸದ ಫಲಿತಾಂಶವನ್ನು ವೈದ್ಯಕೀಯ ಸುದ್ದಿಯಾಗಿ ಹಾಕಬಾರದು.

ಹಾಗಾದರೆ ಈಗಲೇ ಇದಕ್ಕೆ ಸರಿಯಾದ ಜಾಗ ಯಾವುದು? ಬಾಗದ ಸೂಜಿ. 26 ಗೇಜಿನ ಸೂಜಿಯ ಒಳವ್ಯಾಸ 0.26 ಮಿ.ಮೀ., ಅದರೊಳಗೆ 125 ಮೈಕ್ರಾನಿನ ಎಳೆ ಆರಾಮವಾಗಿ ಕೂರುತ್ತದೆ. ದೇಹಕ್ಕಿಳಿಯುವ ಕೆಲವು ಸೆಂ.ಮೀ. ಎಳೆ ಉಕ್ಕಿನೊಳಗೆ ನೇರವಾಗಿದ್ದು, ಈಚೆ ತುದಿಯ ಲೇಸರ್ ಜೋಡಣೆಯೂ ಸೂಜಿಯ ಜೊತೆ ಒಂದೇ ಬಿಗಿ ಚೌಕಟ್ಟಿನಲ್ಲಿದ್ದರೆ ಬೆಳಿಗ್ಗೆ ಮಾಡಿದ ಕ್ಯಾಲಿಬ್ರೇಷನ್ ಉಳಿಯುವ ಸಾಧ್ಯತೆ ಹೆಚ್ಚು. ಬಯಾಪ್ಸಿಗೆ ಮುನ್ನ ಸೂಜಿಯ ತುದಿಯಲ್ಲಿ ಏನಿದೆ ಎಂದು ನೋಡುವುದು ಇದರ ಕೆಲಸವಾಗಬಹುದು. 50 ಮೈಕ್ರಾನಿನ ಕಿಂಡಿಯಿಂದ ಇಡೀ ಜಠರ ಹುಡುಕುವುದು ಇದರ ಕೆಲಸವಲ್ಲ. ಅಲ್ಲಿ ಒಂದು ಸೆಂ.ಮೀ. ಆಸುಪಾಸಿನ ಕ್ಯಾಮೆರಾ ಸ್ಕೋಪೇ ಸರಿ, ರೋಗಿಗಳು ಅದಕ್ಕೆ ಹಿಂಜರಿಯಬಾರದು.

ಎಳೆಕಟ್ಟಿನ ಸ್ಕೋಪ್‌ಗಳು ಮೂತ್ರನಾಳದ ಚಿಕಿತ್ಸೆಯಂಥ ಕಡೆ ಇನ್ನೂ ದುಡಿಯುತ್ತಿವೆ. ಅವುಗಳ ಚಿತ್ರ ಮಸುಕಾಗುವುದು ಬಹುಪಾಲು ಬಳಕೆಯಲ್ಲಿ. ತುದಿ ಬಾಗಿರುವಾಗಲೇ ಲೇಸರ್ ಎಳೆಯನ್ನು ಒಳತೂರಿಸಿದರೆ ಚಾನಲ್ಲಿನ (ಉಪಕರಣ ತೂರಿಸುವ ಒಳದಾರಿಯ) ಒಳಗೋಡೆ ಗೀರುತ್ತದೆ, ತೂತಾದರೆ ನೀರು ನುಗ್ಗುತ್ತದೆ. ತುದಿ ನೇರ ಮಾಡಿಯೇ ತೂರಿಸಬೇಕು. ತೊಳೆಯಲು ಮುಳುಗಿಸುವ ಮುನ್ನ ಲೀಕ್ ಟೆಸ್ಟ್ ಪ್ರತಿ ಸಲವೂ ಆಗಬೇಕು. ಇಟಿಓ ಮುಚ್ಚಳ, ಕ್ರಿಮಿ ಕೊಲ್ಲಲು ಸ್ಕೋಪನ್ನು ಎಥಿಲೀನ್ ಆಕ್ಸೈಡ್ ಗ್ಯಾಸಿನಲ್ಲಿಡುವಾಗ ಇರಬೇಕು, ನೀರಿಗೆ ಹಾಕುವಾಗ ಇರಬಾರದು. ಇದು ಅದಲುಬದಲಾದರೆ ಸ್ಕೋಪ್ ಹಾಳು. ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಮುರಿದ ಎಳೆ. ತಿಂಗಳಿಗೊಮ್ಮೆ ಬಿಳಿ ಕಾಗದ ನೋಡಿ ಎಣಿಸಿ ಬರೆದಿಟ್ಟರೆ ಯಾರ ಕೈಯಲ್ಲಿ ಎಂದಲ್ಲ, ಯಾವ ಹಂತದಲ್ಲಿ ಮುರಿಯುತ್ತಿದೆ ಎಂಬುದು ತಿಳಿಯುತ್ತದೆ.

ತಮ್ಮಲ್ಲಿ ಒಂದು ವಿನಂತಿ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ವರದಿಗಾರರು ಸಂಶೋಧಕರನ್ನು ನಾಲ್ಕು ಮಾತು ಕೇಳಲಿ: ಚಿತ್ರ ತೆಗೆಯುವಾಗ ಎಳೆ ಬಾಗಿತ್ತೇ, ಬಾಗಿದ್ದರೆ ಎಷ್ಟು ಸೆಂ.ಮೀ. ತ್ರಿಜ್ಯಕ್ಕೆ? ಒಮ್ಮೆ ಮಾಡಿದ ಕ್ಯಾಲಿಬ್ರೇಷನ್ ಎಷ್ಟು ಹೊತ್ತು ಉಳಿಯಿತು? ನೋಡಿದ ಜಾಗ ಎಷ್ಟು ಅಗಲ, ಒಂದು ಚಿತ್ರಕ್ಕೆ ಎಷ್ಟು ಸೆಕೆಂಡ್? ನೋಡಿದ್ದು ಗಾಜಿನ ಮೇಲಿನ ಗೆರೆಯನ್ನೋ, ಜೀವಂತ ಅಂಗಾಂಶವನ್ನೋ? ಉತ್ತರಗಳನ್ನು ಸುದ್ದಿಯ ಕೊನೆಗೆ ಎರಡು ಸಾಲಿನಲ್ಲಿ ಅಚ್ಚುಹಾಕಿ. ‘ಎಳೆಯನ್ನು ಮೇಜಿಗೆ ಅಂಟಿಸಲಾಗಿತ್ತು’ ಎಂಬ ಉತ್ತರ ಬಂದರೂ ಅಚ್ಚುಹಾಕಿ.

— ದ್ಯುತಿಶಾಸ್ತ್ರ ಕಲಿಸುವ ಅಧ್ಯಾಪಕರು, ಮೈಸೂರು